ಮನೆ ಜಿಮ್‌ಗೆ ಎರಡನೆಯ ರಾಡ್: ಡೆಡ್‌ಲಿಫ್ಟ್ ಬಾರ್ ಕೊಳ್ಳಲೇ, ಬೇರೆ ಏನಾದರೂ ನೋಡಲೇ?

ಎರಡನೇ ಮಹಡಿ · ಭಾನುವಾರ, ಬೆಳಗ್ಗೆ 7.40

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಅದರಲ್ಲಿ ಹತ್ತು ಅಡಿಗೆ ಹನ್ನೊಂದು ಅಡಿಯ ಒಂದು ಕೋಣೆ. ಮೂರು ವರ್ಷದಿಂದ ಅದೇ ನಮ್ಮ ಜಿಮ್. ಕೆಳಗಿನ ಮನೆಯಲ್ಲಿ ಮಾಲೀಕರೇ ಇದ್ದಾರೆ. ರಬ್ಬರ್ ಮ್ಯಾಟ್ ಎರಡು ಪದರ ಹಾಸಿ, ಭಾರವನ್ನು ಕೈಬಿಡದೆ ಇಳಿಸುವುದನ್ನು ಕಲಿತ ಮೇಲೆ ಅವರ ದೂರು ನಿಂತಿದೆ.

ಸದ್ಯ ಇರುವುದು ಒಂದು ರ‍್ಯಾಕ್, ಒಂದು ಬೆಂಚ್, 50 ಮಿ.ಮೀ. ತೂತಿನ 150 ಕೆ.ಜಿ. ಪ್ಲೇಟುಗಳು, 20 ಕೆ.ಜಿ.ಯ ಒಂದು ಒಲಿಂಪಿಕ್ ರಾಡ್. ರಾಡ್ 28.5 ಮಿ.ಮೀ. ದಪ್ಪ, ಕ್ರೋಮ್ ಲೇಪನ, ಎಲ್ಲಕ್ಕೂ ಒಗ್ಗುವಂಥದ್ದು. ದೀಪಾವಳಿ ಬೋನಸ್ಸಿನಲ್ಲಿ ಇಪ್ಪತ್ತೈದು ಸಾವಿರ ತೆಗೆದಿಟ್ಟಿದ್ದೇನೆ, ಎರಡನೆಯ ರಾಡ್ ಕೊಳ್ಳುವ ಆಸೆ.

ಮನಸ್ಸು ಡೆಡ್‌ಲಿಫ್ಟ್ ಬಾರ್ ಕಡೆಗೆ ವಾಲಿದೆ, ಅಂದರೆ ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದಕ್ಕೆಂದೇ ಮಾಡಿದ ರಾಡ್. 27 ಮಿ.ಮೀ. ದಪ್ಪ, ಚೂಪಾದ ನರ್ಲಿಂಗ್ (ಹಿಡಿತಕ್ಕೆಂದು ಕೊರೆದ ಗೀರುಗಳು), ಬಾಗುವ ಗುಣ. ನನ್ನ ಡೆಡ್‌ಲಿಫ್ಟ್ ಆರು ತಿಂಗಳಿನಿಂದ 160ರಲ್ಲೇ ಕುಳಿತಿದೆ. ರಾಡ್ ಬದಲಾದರೆ ಏಳಬಹುದೇ? ಬಳಸಿದವರು ದಯವಿಟ್ಟು ಹೇಳಿ.

ಹಳೇ ಗರಡಿ · ಭಾನುವಾರ, ಬೆಳಗ್ಗೆ 8.15

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. 160ರಲ್ಲಿ ಕುಳಿತಿರುವುದು ರಾಡಲ್ಲ, ನೀವು.

ಬೇಸರ ಮಾಡಿಕೊಳ್ಳಬೇಡಿ, ನಾನೂ ಅದೇ ಅಂಕಿಯಲ್ಲಿ ಒಂದು ವರ್ಷ ಕುಳಿತವನು. ಡೆಡ್‌ಲಿಫ್ಟ್ ಬಾರ್ ಮೊದಲು ನಡುವೆ ಬಾಗಿ ಆಮೇಲೆ ಪ್ಲೇಟುಗಳನ್ನು ಎತ್ತುತ್ತದೆ. ಪ್ಲೇಟು ನೆಲ ಬಿಡುವ ಹೊತ್ತಿಗೆ ನಿಮ್ಮ ಕೈ ಸ್ವಲ್ಪ ಮೇಲೆ ಬಂದಿರುತ್ತದೆ. ಲಾಭ ಎಂದರೆ ಅಷ್ಟೇ. 280 ಎತ್ತುವವನಿಗೆ ಅದು ಕಣ್ಣಿಗೆ ಕಾಣುತ್ತದೆ. 160ಕ್ಕೆ ಸಿಗುವುದು ಮನಸ್ಸಿನ ಸಮಾಧಾನ. ಮುಂದೆ ಸ್ಪರ್ಧೆಯ ಆಸೆ ಇದ್ದರೆ ಇದನ್ನೂ ತಿಳಿದಿರಿ: ಐಪಿಎಫ್ (ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ) ನಿಯಮದ ಪಂದ್ಯಗಳಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು), ಬೆಂಚ್ (ಮಲಗಿ ಎದೆಯಿಂದ ಮೇಲಕ್ಕೆ ನೂಕುವುದು), ಡೆಡ್‌ಲಿಫ್ಟ್ ಮೂರಕ್ಕೂ ಒಂದೇ ಗಟ್ಟಿ ರಾಡ್, 28ರಿಂದ 29 ಮಿ.ಮೀ. ದಪ್ಪದ್ದು. ಮನೆಯಲ್ಲಿ ಬಾಗುವ ರಾಡಿಗೆ ಒಗ್ಗಿಕೊಂಡು ವೇದಿಕೆಯಲ್ಲಿ ಬಾಗದ ರಾಡ್ ಹಿಡಿದು ನಿಂತವರ ಮುಖ ನಾನು ನೋಡಿದ್ದೇನೆ.

ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಎಂದಾದರೆ ಅರ್ಧ ಕೆ.ಜಿ.ಯ, ಒಂದು ಕೆ.ಜಿ.ಯ ಸಣ್ಣ ಪ್ಲೇಟುಗಳನ್ನು ಕೊಳ್ಳಿ. 160 ಆದ ಮೇಲೆ 161 ಎಂಬುದೂ ಒಂದು ಸಂಖ್ಯೆ.

ಪೀಣ್ಯದ ಲೇತ್ · ಭಾನುವಾರ, ಬೆಳಗ್ಗೆ 9.30

ನಾನು ಕಬ್ಬಿಣದ ಕಡೆಯಿಂದ ಮಾತಾಡುತ್ತೇನೆ, ವ್ಯಾಯಾಮ ನನಗೆ ಅಷ್ಟಕ್ಕಷ್ಟೆ.

ದುಂಡು ಸರಳಿನ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 29ರ ರಾಡಿಗೂ 27ರದ್ದಕ್ಕೂ ಎರಡೇ ಮಿಲಿಮೀಟರ್ ಅಂತರ ಎಂದು ಕಂಡರೂ ಬಿಗಿಯಲ್ಲಿ ಕಾಲು ಭಾಗ ಕಡಿಮೆಯಾಗಿರುತ್ತದೆ. ಡೆಡ್‌ಲಿಫ್ಟ್ ಬಾರ್‌ಗಳು ಉದ್ದವಾಗಿಯೂ ಇರುತ್ತವೆ, 2.3 ಮೀಟರ್ ಆಸುಪಾಸು. ಪ್ಲೇಟು ಕೈಯಿಂದ ದೂರ ಹೋದಷ್ಟೂ ಬಾಗು ಹೆಚ್ಚು.

ಇನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವ 1,90,000 ಪಿಎಸ್ಐ, ಅಂದರೆ ಚದರ ಇಂಚಿಗೆ ಅಷ್ಟು ಪೌಂಡ್. ಇದು ಕರ್ಷಣ ಶಕ್ತಿ, ಎಳೆದರೆ ಎಲ್ಲಿ ತುಂಡಾಗುತ್ತದೆ ಎಂಬ ಅಳತೆ. ನಮ್ಮ ಲೆಕ್ಕದಲ್ಲಿ ಸುಮಾರು 1,310 ಮೆಗಾಪಾಸ್ಕಲ್. ಈ ಸಂಖ್ಯೆ ಹೆಚ್ಚಿದ್ದರೆ ರಾಡ್ ಕಡಿಮೆ ಬಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಒಂದೇ ದಪ್ಪದ ಅಗ್ಗದ ಉಕ್ಕು, ದುಬಾರಿ ಉಕ್ಕು ಒಂದೇ ಭಾರಕ್ಕೆ ಹೆಚ್ಚು ಕಡಿಮೆ ಒಂದೇ ಸಮ ಬಾಗುತ್ತವೆ. ವ್ಯತ್ಯಾಸ ಗೊತ್ತಾಗುವುದು ಭಾರ ಇಳಿಸಿದ ಮೇಲೆ. ಒಳ್ಳೆಯದು ನೆಟ್ಟಗಾಗುತ್ತದೆ, ಕೆಟ್ಟದ್ದು ಬಿಲ್ಲಾಗಿಯೇ ಉಳಿಯುತ್ತದೆ.

ನಿಮ್ಮ 160ರ ಡೆಡ್‌ಲಿಫ್ಟ್‌ನಲ್ಲಿ 28.5ರ ರಾಡಿನ ಮೇಲೆ ಬೀಳುವ ಒತ್ತಡ ನಾನು ಹಾಕಿದ ಲೆಕ್ಕಕ್ಕೆ 140 ಮೆಗಾಪಾಸ್ಕಲ್ ಸುತ್ತಮುತ್ತ. ಸಾಧಾರಣ ಮೈಲ್ಡ್ ಸ್ಟೀಲ್ ಸೋಲುವುದು 250ಕ್ಕೆ. ಅಂದರೆ ಮೆಲ್ಲಗೆ ಎತ್ತಿ ಇಳಿಸಿದರೆ ಅದೂ ಬದುಕಿಕೊಳ್ಳುತ್ತದೆ. ಅದೇ ಭಾರ ರ‍್ಯಾಕಿನ ಸೇಫ್ಟಿ ಪಿನ್ ಮೇಲೆ ಅರ್ಧ ಅಡಿಯಿಂದ ಬಿದ್ದರೆ ಒತ್ತಡ ಹಲವು ಪಟ್ಟಾಗುತ್ತದೆ. ರಾಡುಗಳು ಸಾಯುವುದು ಅಲ್ಲಿ, ನಿಮ್ಮ ಕೈಯಲ್ಲಲ್ಲ.

ಹೇಳದಿದ್ದರೂ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ: ಇಎನ್8 (ಮಧ್ಯಮ ಇಂಗಾಲದ ಉಕ್ಕು) ಸರಳು ತಂದು ನಮ್ಮಲ್ಲಿ ತಿರುಗಿಸಿಕೊಡಿ ಎನ್ನಬೇಡಿ. ಏಳಡಿ ಸರಳಿಗೆ ಹೀಟ್ ಟ್ರೀಟ್‌ಮೆಂಟ್ ಮಾಡಿಸಿ, ಡೊಂಕು ತೆಗೆದು, ನರ್ಲಿಂಗ್ ಹಾಕಿ, ಸ್ಲೀವಿಗೆ (ಪ್ಲೇಟು ಏರಿಸುವ ತುದಿಯ ಕೊಳವೆಗೆ) ಕಂಚಿನ ಬುಷ್ (ಒಳಬಳೆ) ಕೂರಿಸುವಷ್ಟರಲ್ಲಿ ಅಂಗಡಿಯ ರಾಡೇ ಅಗ್ಗವಾಗುತ್ತದೆ.

ಎರಡನೇ ಮಹಡಿ · ಭಾನುವಾರ, ಬೆಳಗ್ಗೆ 10.05

ಹಳೇ ಗರಡಿ ಸರ್, ಏಟು ಸರಿಯಾದ ಜಾಗಕ್ಕೇ ಬಿತ್ತು. ಆದರೂ ಎರಡನೆಯ ರಾಡ್ ಬೇಕೆನ್ನಲು ಇನ್ನೊಂದು ಕಾರಣವಿದೆ. ಹೆಂಡತಿಯೂ ಎಂಟು ತಿಂಗಳಿನಿಂದ ಎತ್ತುತ್ತಿದ್ದಾಳೆ. ಬೆಳಗ್ಗೆ ಐದೂವರೆಯಿಂದ ಏಳರ ತನಕ ಇಬ್ಬರೂ ಒಂದೇ ರಾಡಿಗೆ ಸರದಿ ಕಾಯುತ್ತೇವೆ. ನನ್ನ ಪ್ಲೇಟು ಇಳಿಸು, ಅವಳದ್ದು ಏರಿಸು, ಮತ್ತೆ ನನ್ನದು. ಅರ್ಧ ಹೊತ್ತು ಸಾಮಾನು ಸಾಗಾಟವೇ. ನಾನು ಡೆಡ್‌ಲಿಫ್ಟ್ ಬಾರ್ ತೆಗೆದುಕೊಂಡರೆ ಹಳೆಯ ರಾಡನ್ನು ಅವಳಿಗೇ ಬಿಟ್ಟುಕೊಡಬಹುದು. ಅವಳಿಗೆ ಅದು ಧಾರಾಳವಾಯಿತು.

ನೀಲಿ ಹಳದಿ · ಭಾನುವಾರ, ಬೆಳಗ್ಗೆ 10.20

ಧಾರಾಳ ಎಂದವರು ಅವರೇ, ನೀವೇ?

ಮೂಲ ಪ್ರಶ್ನೆಯಲ್ಲಿ ಇಲ್ಲದಿದ್ದ ಮನುಷ್ಯರು ಈಗ ಬಂದಿದ್ದಾರೆ, ಹಾಗಾಗಿ ಉತ್ತರವೂ ಬದಲಾಗಬೇಕು. ನಾನು ಹದಿನಾಲ್ಕು ವರ್ಷ ವೇಟ್‌ಲಿಫ್ಟಿಂಗ್ ಮಾಡಿದವಳು. ಒಲಿಂಪಿಕ್ಸ್‌ನಲ್ಲಿ ಗಂಡಸರ ರಾಡ್ 20 ಕೆ.ಜಿ., 2.2 ಮೀಟರ್ ಉದ್ದ, 28 ಮಿ.ಮೀ. ದಪ್ಪ. ಹೆಂಗಸರದ್ದು 15 ಕೆ.ಜಿ., 2.01 ಮೀಟರ್, 25 ಮಿ.ಮೀ. ಸ್ಲೀವ್ ಎರಡರಲ್ಲೂ 50 ಮಿ.ಮೀ., ಆದ್ದರಿಂದ ಈಗಿನ ಪ್ಲೇಟುಗಳೇ ಹಿಡಿಸುತ್ತವೆ. ಎರಡು ಸ್ಲೀವುಗಳ ನಡುವಿನ ಅಂತರವೂ ಎರಡರಲ್ಲೂ 1.31 ಮೀಟರ್, ಆದ್ದರಿಂದ ಈಗಿನ ರ‍್ಯಾಕಿನಲ್ಲೇ ಕೂರುತ್ತದೆ. ಮೋಟಾಗಿರುವುದು ಸ್ಲೀವ್ ಮಾತ್ರ, 41.5 ಸೆಂಟಿಮೀಟರ್ ಬದಲು 32.

ದಪ್ಪದಲ್ಲಿ ಮೂರು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಸುತ್ತಳತೆಯಲ್ಲಿ ಒಂಬತ್ತು ಮಿಲಿಮೀಟರಿಗೂ ಮಿಕ್ಕಿ ವ್ಯತ್ಯಾಸ. ಬೆರಳು ಗಿಡ್ಡವಿರುವವರಿಗೆ ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ಸೇರುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಅವರ ಓವರ್‌ಹೆಡ್ ಪ್ರೆಸ್ (ನಿಂತು ಭಾರವನ್ನು ತಲೆಯ ಮೇಲಕ್ಕೆ ನೂಕುವುದು) ಎಷ್ಟು ಎಂದು ಕೇಳಿ ಹೇಳಿ.

ಡಂಬೆಲ್ ದಾಸ · ಭಾನುವಾರ, ಬೆಳಗ್ಗೆ 11.00

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಒಂದಿಂಚು ತೂತಿನ ಪ್ಲೇಟುಗಳ ಸೆಟ್ ಇದೆ, ಮೂರಡಿ ರಾಡ್, ಬಾಗು ಬಾಗಿನ ಕರ್ಲಿಂಗ್ ರಾಡ್ ಜೊತೆಗೆ ಬಂದಿದ್ದವು. ಹೆಂಗಸರಿಗಾದರೆ ಐದಡಿಯ ರಾಡ್ ಸಾಲದೇ? ತುಂಬಾ ಅಗ್ಗ.

ನೀಲಿ ಹಳದಿ · ಭಾನುವಾರ, ಬೆಳಗ್ಗೆ 11.12

ಐದಡಿ ರಾಡಿನಲ್ಲಿ ಎರಡು ಸ್ಲೀವುಗಳ ನಡುವಿನ ಜಾಗವೇ ಕಡಿಮೆ. ಅವರ ರ‍್ಯಾಕಿನ ಹೊರ ಅಗಲ ಸಾಮಾನ್ಯದಂತೆ ನಾಲ್ಕಡಿ ಇದ್ದರೆ ಆ ರಾಡ್ ಕೊಕ್ಕೆಗಳ ಮೇಲೆ ಕೂರುವುದೇ ಇಲ್ಲ, ಕೂತರೂ ಪ್ಲೇಟು ಏರಿಸುವಾಗ ಕೈಬೆರಳು ಕಂಬಕ್ಕೂ ಪ್ಲೇಟಿಗೂ ಸಿಕ್ಕಿಕೊಳ್ಳುತ್ತದೆ. ಒಂದಿಂಚಿನ ಪ್ಲೇಟುಗಳು 50ರ ಸ್ಲೀವಿಗೆ ಹೋಗುವುದಿಲ್ಲ ಎಂಬುದು ಗೊತ್ತಿರಲಿ. ನೀವು ಮುಂದೆ ದೊಡ್ಡ ರಾಡಿಗೆ ಬರುವ ದಿನ ಪ್ಲೇಟುಗಳನ್ನೂ ಹೊಸದಾಗಿ ಕೊಳ್ಳಬೇಕಾಗುತ್ತದೆ.

ಐದೂವರೆ ಅಲಾರಂ · ಭಾನುವಾರ, ಮಧ್ಯಾಹ್ನ 1.10

ಮೇಲಿನ ‘ಹೆಂಡತಿ’ ನಾನೇ. ಅಡುಗೆಮನೆಯಿಂದ ಈ ಚರ್ಚೆಯನ್ನು ಓದಿ ಖಾತೆ ತೆರೆದೆ. ಧಾರಾಳ ಎಂದು ನಾನು ಹೇಳಿದ್ದಿಲ್ಲ, ನಮ್ಮವರು ಕೇಳಿದ್ದೂ ಇಲ್ಲ.

ಸ್ಕ್ವಾಟ್ 55, ಡೆಡ್‌ಲಿಫ್ಟ್ 75. ಇವೆರಡರಲ್ಲಿ ತೊಂದರೆಯಿಲ್ಲ. ಓವರ್‌ಹೆಡ್ ಪ್ರೆಸ್ 22.5. ಅಂದರೆ ಬರೀ ರಾಡ್ ಎಂಬುದು ನನಗೆ ಮೈ ಬಿಸಿ ಮಾಡಿಕೊಳ್ಳುವ ಭಾರವಲ್ಲ, ಹೆಚ್ಚು ಕಡಿಮೆ ಕೊನೆಯ ಸೆಟ್ಟಿನ ಭಾರ. ನಮ್ಮವರು 20ರಿಂದ ಶುರು ಮಾಡಿ 50ರ ತನಕ ನಾಲ್ಕು ಮೆಟ್ಟಿಲು ಹತ್ತುತ್ತಾರೆ, ನಾನು ಕೊನೆಯ ಮೆಟ್ಟಿಲಿನಲ್ಲೇ ಹುಟ್ಟಿದವಳಂತೆ ನಿಲ್ಲಬೇಕು. ಮೊದಲ ಎರಡು ತಿಂಗಳು ಮಾಪ್ ಕೋಲಿನಲ್ಲಿ ಮಾಡಿದೆ, ಆಮೇಲೆ ಡಂಬೆಲ್‌ನಲ್ಲಿ. ಡೆಡ್‌ಲಿಫ್ಟ್‌ನಲ್ಲಿ ಬೆನ್ನಿಗಿಂತ ಮುಂಚೆ ಬೆರಳು ಬಿಟ್ಟುಕೊಡುತ್ತವೆ. ಕೈ ಇನ್ನೂ ಬಲಿಯಬೇಕು ಎಂದು ನನಗೆ ಹೇಳಲಾಗಿದೆ.

ಹಳೇ ಗರಡಿ ಅವರ ಗಾದೆ ಚೆನ್ನಾಗಿದೆ. ನನ್ನ ಮಟ್ಟಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಹಳೇ ಗರಡಿ · ಭಾನುವಾರ, ಮಧ್ಯಾಹ್ನ 1.25

ತಂಗಿ, ಗಾದೆಯನ್ನು ಹಿಂದಕ್ಕೆ ತೆಗೆದುಕೊಂಡೆ. ನಿಮ್ಮ ಯಜಮಾನರ ಮೇಲೆ ಮಾತ್ರ ಅದು ಜಾರಿಯಲ್ಲಿರುತ್ತದೆ.

ಕಬ್ಬಿಣದ ಕಡಲೆ · ಭಾನುವಾರ, ಮಧ್ಯಾಹ್ನ 2.40

ಸ್ವಲ್ಪ ಯೋಚಿಸಿ. 15 ಕೆ.ಜಿ.ಯ ರಾಡ್ ಲೇಡೀಸ್ ರಾಡ್. ಅಷ್ಟು ಹಣ ಸುರಿದು ಮನೆಯಲ್ಲಿ ಒಬ್ಬರಷ್ಟೇ ಬಳಸುವ ವಸ್ತು ಯಾಕೆ? ನಾಳೆ ಇವರು 100 ಎತ್ತಿದರೆ ಅದು ಬಾಗಿ ಹೋಗುತ್ತದೆ.

ನೀಲಿ ಹಳದಿ · ಭಾನುವಾರ, ಮಧ್ಯಾಹ್ನ 2.52

ಮೀರಾಬಾಯಿ ಚಾನು ಟೋಕಿಯೋದಲ್ಲಿ ಬೆಳ್ಳಿ ಗೆದ್ದಾಗ 115 ಕೆ.ಜಿ. ಕ್ಲೀನ್ ಅಂಡ್ ಜರ್ಕ್ ಮಾಡಿದ್ದು 15 ಕೆ.ಜಿ.ಯ ರಾಡಿನಲ್ಲಿ. ಚೀನಾದ ಲಿ ವೆನ್‌ವೆನ್ 2021ರಲ್ಲಿ ತಾಷ್ಕೆಂಟ್‌ನಲ್ಲಿ ತಲೆಯ ಮೇಲೆ ಹಿಡಿದು ನಿಂತದ್ದು 187 ಕೆ.ಜಿ., ಅದೂ ಇದೇ ಬಗೆಯ ರಾಡಿನಲ್ಲಿ. ಎತ್ತಿ ಮೇಲಿಂದ ನೆಲಕ್ಕೆ ಬಿಟ್ಟರು, ರಾಡ್ ನೆಟ್ಟಗೇ ಇತ್ತು. ನೀವು ಎಷ್ಟು ಎತ್ತುತ್ತೀರಿ?

ಪೀಣ್ಯದ ಲೇತ್ · ಭಾನುವಾರ, ಸಂಜೆ 4.05

ಕಡಲೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. 25ರ ರಾಡಿನ ಬಿಗಿ 28ರದ್ದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಕಡಿಮೆಯಾಗಿರುತ್ತದೆ. ಬಾಗುತ್ತದೆ, ಬಾಗಿ ಮತ್ತೆ ನೆಟ್ಟಗಾಗುತ್ತದೆ, ಉಕ್ಕು ಒಳ್ಳೆಯದಿದ್ದರೆ.

ಈಗ ಎರಡನೇ ಮಹಡಿಯವರು ಗಮನಿಸಿ. ನಿಮಗೆ ಬೇಕೆಂದದ್ದು ಏನು? ತೆಳ್ಳಗಿನ ರಾಡ್, ಬಾಗುವ ರಾಡ್. ಡೆಡ್‌ಲಿಫ್ಟ್ ಬಾರಿನ ದಪ್ಪ 27. ಇದು 25. ನೀವು ಕೇಳಿದ ಎರಡು ಗುಣಗಳೂ ಇದರಲ್ಲಿ ನೀವು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಇವೆ! ನಿಮ್ಮ 160ನ್ನು ಇದರಲ್ಲಿ ಎತ್ತಿದರೆ ಒತ್ತಡ ಸುಮಾರು 220 ಮೆಗಾಪಾಸ್ಕಲ್ ಆಗುತ್ತದೆ. ಮೈಲ್ಡ್ ಸ್ಟೀಲ್ ಆದರೆ ಅಂಚಿಗೆ ಬಂದಂತೆ, ಗಟ್ಟಿ ಉಕ್ಕಾದರೆ ಲೆಕ್ಕಕ್ಕೇ ಇಲ್ಲ. ಪಿಎಸ್ಐ ಅಂಕಿಯನ್ನು ನೋಡಬೇಕಾದ ಜಾಗ ಇದು.

ಸುರತ್ಕಲ್ ಉಪ್ಪುಗಾಳಿ · ಭಾನುವಾರ, ರಾತ್ರಿ 8.30

ಯಾವ ರಾಡಾದರೂ ಕೊಳ್ಳಿ, ಮೈಮೇಲಿನ ಲೇಪನ ಯಾವುದೆಂದು ಕೇಳಿಯೇ ಕೊಳ್ಳಿ. ನಾನು ಕಪ್ಪು ಬಣ್ಣಕ್ಕೆ ಮರುಳಾಗಿ ಬ್ಲ್ಯಾಕ್ ಆಕ್ಸೈಡ್ ತೆಗೆದುಕೊಂಡೆ. ಕೈಗೆ ಬರಿ ಉಕ್ಕು ಹಿಡಿದಂಥ ಸುಖ, ನಿಜ. ಆದರೆ ಸಮುದ್ರ ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್. ಜೂನ್ ಮೊದಲ ವಾರ ಮಳೆ ಹಿಡಿಯಿತು, ಆಟಿ ತಿಂಗಳು ಮುಗಿಯುವಷ್ಟರಲ್ಲಿ ನರ್ಲಿಂಗ್ ಸಂದಿಯೆಲ್ಲ ಕೆಂಪು. ಅಮ್ಮ ಹೇಳಿದರೆಂದು ತೆಂಗಿನೆಣ್ಣೆ ಸವರಿದೆ. ಅದು ಕೈಗೆ ಹಚ್ಚುವ ಮೆಗ್ನೀಸಿಯಂ ಪುಡಿಯ ಜೊತೆ ಸೇರಿ ಹಿಟ್ಟಾಯಿತು, ವಾರ ಕಳೆದ ಮೇಲೆ ಕಮಟು ವಾಸನೆ. ಈಗ ನೈಲಾನ್ ಬ್ರಷ್ಷಿನಲ್ಲಿ ಪುಡಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಟ್ಟೆಗೆ ಹಾಕಿ ಒರೆಸುತ್ತೇನೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಬೆಂಗಳೂರಿನ ಹವೆಗೆ ಹಾರ್ಡ್ ಕ್ರೋಮ್ ಸಾಕು. ಸ್ಟೇನ್‌ಲೆಸ್ ಸಿಕ್ಕರೆ ಬಿಡಬೇಡಿ, ನಿಮ್ಮ ಇಪ್ಪತ್ತೈದರಲ್ಲಿ ಸಿಗುವುದು ಕಷ್ಟ.

ಇನ್ನೊಂದು: ತೂಕ ಹಾಕಿ ನೋಡಿ. ನನಗೆ 20 ಕೆ.ಜಿ. ಎಂದು ಮಾರಿದ ರಾಡ್ ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ 17.6 ಬಂತು. ಅಂಗಡಿಯಾತ ತಕ್ಕಡಿಯನ್ನೇ ದೂರಿದ. ಸ್ಪರ್ಧೆಯ ರಾಡಿಗೆ 20 ಕೆ.ಜಿ.ಯಲ್ಲಿ 20 ಗ್ರಾಮ್ ಹೆಚ್ಚು, 10 ಗ್ರಾಮ್ ಕಡಿಮೆ, ಅಷ್ಟೇ ವಿನಾಯಿತಿ ಎಂದು ಆಮೇಲೆ ಓದಿದೆ. ನನ್ನದರಲ್ಲಿ ಎರಡೂವರೆ ಕಿಲೋ ಗಾಳಿಗೆ ಹೋಗಿತ್ತು.

ಮಿಶಿಗನ್ ಗ್ಯಾರೇಜು · ಸೋಮವಾರ, ಬೆಳಗ್ಗೆ 6.15

ಇಲ್ಲಿ ಮಾರುಕಟ್ಟೆಯೇ ಬೇರೆ, ಬೆಲೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಮಾತು: ಭುಜ ನೋವಿನವರು ಇದ್ದರೆ ಎರಡನೆಯ ರಾಡ್ ಸೇಫ್ಟಿ ಸ್ಕ್ವಾಟ್ ಬಾರ್ ಆಗಲಿ. ಹೆಗಲ ಮೇಲೆ ದಿಂಬು, ಎದೆಯ ಮುಂದೆ ಹಿಡಿಗಳು, ಕೈ ಹಿಂದಕ್ಕೆ ತಿರುಗಿಸುವ ಕೆಲಸವಿಲ್ಲ. ನನಗೆ ಐವತ್ತೆಂಟು, ನನ್ನ ಸ್ಕ್ವಾಟ್ ಉಳಿದಿರುವುದು ಅದರಿಂದ. ನೀವಿಬ್ಬರೂ ಚಿಕ್ಕವರು, ಭುಜದ ದೂರು ಯಾರೂ ಹೇಳಿಲ್ಲ, ಹಾಗಾದರೆ 15ರದ್ದೇ ಸರಿ. ನನ್ನ ಮಗಳೂ ಅದರಲ್ಲೇ ಕಲಿತಳು. ಜನವರಿಯಲ್ಲಿ ಗ್ಯಾರೇಜಿನ ರಾಡ್ ಮುಟ್ಟಿದರೆ ಕೈ ಮರಗಟ್ಟುತ್ತದೆ, ಆ ಕಷ್ಟ ನಿಮಗಿಲ್ಲ, ಪುಣ್ಯವಂತರು.

ಎರಡನೇ ಮಹಡಿ · ಸೋಮವಾರ, ರಾತ್ರಿ 9.50

ತೀರ್ಮಾನವಾಯಿತು. ಮನೆಯಲ್ಲೂ ವಿಚಾರಣೆ ಮುಗಿಯಿತು, ತೀರ್ಪು ನನ್ನ ವಿರುದ್ಧ. 15 ಕೆ.ಜಿ.ಯದ್ದೇ. ಜಾಗದ ಲೆಕ್ಕವನ್ನೂ ಹಾಕಿದೆ. ಕೋಣೆಯ ಅಗಲ 305 ಸೆಂ.ಮೀ., ಹಳೆಯ ರಾಡ್ ಇಟ್ಟರೆ ಎರಡೂ ಕಡೆ 42 ಸೆಂ.ಮೀ. ಉಳಿಯುತ್ತದೆ, ಗೋಡೆಗೆ ಬೆನ್ನು ಉಜ್ಜಿಕೊಂಡೇ ಪ್ಲೇಟು ಹಾಕಬೇಕು. ಇದರಲ್ಲಿ 52 ಉಳಿಯುತ್ತದೆ. ಡೆಡ್‌ಲಿಫ್ಟ್ ಬಾರ್ ಆಗಿದ್ದರೆ 37ಕ್ಕೆ ಇಳಿಯುತ್ತಿತ್ತು, ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಅಂಗಡಿಯಲ್ಲಿ ಏನೇನು ನೋಡಬೇಕು?

ಪೀಣ್ಯದ ಲೇತ್ · ಸೋಮವಾರ, ರಾತ್ರಿ 10.20

ರ‍್ಯಾಕಿನ ಮೇಲಿಟ್ಟು ನಡುವಿನ ಸರಳನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಣ್ಣು ತುದಿಯ ಮೇಲಿರಲಿ. ತುದಿ ಸುತ್ತು ಹೊಡೆದರೆ ಸರಳು ಡೊಂಕು, ಬೇರೆ ಕೊಡಿ ಎನ್ನಿ. ಸ್ಲೀವಿನ ತುದಿಯಲ್ಲಿ ಬೋಲ್ಟ್ ಕಾಣಿಸಿದರೆ ಕೊಳ್ಳಬೇಡಿ, ಅದು ಒಂದಲ್ಲ ಒಂದು ದಿನ ಸಡಿಲವಾಗಿ ಸ್ಲೀವ್ ಕೈಗೆ ಬರುತ್ತದೆ. ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಸ್ಪ್ರಿಂಗ್ ಬಳೆ) ಹಾಕಿದ್ದಿರಬೇಕು. ಸ್ಲೀವನ್ನು ಸರಳಿನ ಉದ್ದಕ್ಕೆ ಎಳೆದು ನೂಕಿ ನೋಡಿ, ಕೂದಲೆಳೆಯಷ್ಟು ಆಟ ಇದ್ದರೆ ಇರಲಿ, ಗಡಗಡ ಎನ್ನಬಾರದು. ಬೇರಿಂಗ್ ಬೇಕೇ ಬುಷ್ ಬೇಕೇ ಎಂದು ಕೇಳಿದರೆ ಬುಷ್ ಎನ್ನಿ. ಬೇರಿಂಗ್ ಚೆನ್ನಾಗಿ ತಿರುಗುತ್ತದೆ, ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವುದು) ಮಾಡುವವರಿಗೆ ಬೇಕು. ಪ್ರೆಸ್ಸಿಗೂ ಸ್ಕ್ವಾಟಿಗೂ ಕಂಚಿನ ಬುಷ್ ಸಾಕು. ಧೂಳು ಹೊಕ್ಕರೂ ಮುನಿಸಿಕೊಳ್ಳುವುದಿಲ್ಲ.

ನೀಲಿ ಹಳದಿ · ಸೋಮವಾರ, ರಾತ್ರಿ 10.31

ರಾಡನ್ನು ಹಿಡಿದು ನೋಡುವ ಕೈ ಅವರದ್ದಾಗಿರಲಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು.

ಎರಡನೇ ಮಹಡಿ · ಆರು ವಾರಗಳ ನಂತರ, ಶನಿವಾರ

ತಡವಾಗಿ ವರದಿ ಒಪ್ಪಿಸುತ್ತಿದ್ದೇನೆ. ರಾಡ್ ಬಂದು ಒಂದು ತಿಂಗಳಾಯಿತು. ಹಾರ್ಡ್ ಕ್ರೋಮ್, ಕಂಚಿನ ಬುಷ್, ತೂಕ 15.1. ಕಾರಿನಲ್ಲಿ ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನ ತನಕ ಓರೆಯಾಗಿ ಮಲಗಿಸಿ ತಂದೆವು, ಮೆಟ್ಟಿಲ ತಿರುವಿನಲ್ಲಿ ಮಾಲೀಕರೇ ಒಂದು ತುದಿ ಹಿಡಿದರು.

ಬೆಳಗಿನ ಕಾಯುವಿಕೆ ತಪ್ಪಿದೆ, ಪೂರ್ತಿಯಲ್ಲ. ಇಬ್ಬರೂ ಒಂದೇ ಹೊತ್ತಿಗೆ 10 ಕೆ.ಜಿ. ಪ್ಲೇಟುಗಳಿಗೆ ಕೈ ಹಾಕುತ್ತೇವೆ. ಎರಡು ರಾಡ್ ಆದವು, ಪ್ಲೇಟು ಹಳೆಯ ಲೆಕ್ಕದ್ದೇ. ಇದನ್ನು ಯಾರೂ ಎಚ್ಚರಿಸಲಿಲ್ಲ!

ನನ್ನ ಡೆಡ್‌ಲಿಫ್ಟ್ ಬಗ್ಗೆ ಕೇಳುವವರಿಗೆ: ಸಣ್ಣ ಪ್ಲೇಟುಗಳನ್ನೂ ತಂದೆ. ಹಳೆಯ ರಾಡಿನಲ್ಲೇ 163. ಹಳೇ ಗರಡಿ ಸರ್‌ಗೆ ಒಂದು ನಮಸ್ಕಾರ. ಹೊಸ ರಾಡಿನಲ್ಲಿ 160 ಎತ್ತಿ ನೋಡಿದೆ, ಮೀನು ಹಿಡಿಯುವ ಗಾಳದ ಕೋಲಿನಂತೆ ಬಾಗಿತು. ಇಳಿಸಿ ತಿರುಗಿಸಿ ನೋಡಿದರೆ ನೆಟ್ಟಗೇ ಇದೆ.

ಕಳೆದ ಮಂಗಳವಾರ ಓವರ್‌ಹೆಡ್ ಪ್ರೆಸ್ 55 ಮಾಡಿದೆ ಎಂದು ಸಂಭ್ರಮಿಸಿ ತಮ್ಮನಿಗೆ ಫೋನ್ ಮಾಡಿದ್ದೂ ಆಯಿತು.

ಐದೂವರೆ ಅಲಾರಂ · ಶನಿವಾರ, ಹನ್ನೆರಡು ನಿಮಿಷಗಳ ನಂತರ

ಉಳಿದದ್ದನ್ನು ನಾನು ಬರೆಯುತ್ತೇನೆ. ಎರಡೂ ಕ್ರೋಮ್ ರಾಡ್, ಅರೆಗತ್ತಲಲ್ಲಿ ಒಂದೇ ಥರ ಕಾಣುತ್ತವೆ. ನಮ್ಮವರು ರ‍್ಯಾಕಿನ ಮೇಲಿದ್ದ ನನ್ನ ರಾಡನ್ನು ಎತ್ತಿ, 20 ಎಂದು ಕೂಡಿಸಿಕೊಂಡಿದ್ದರು. 55 ಅಲ್ಲ, 50. ತಮ್ಮನಿಗೆ ಇನ್ನೂ ಹೇಳಿಲ್ಲ.

ನನ್ನದು 27.5 ಆಯಿತು. 15, 17.5, 20 ಎಂದು ಮೆಟ್ಟಿಲು ಹತ್ತಿಯೇ ಅಲ್ಲಿಗೆ ಹೋಗುತ್ತೇನೆ. ಡೆಡ್‌ಲಿಫ್ಟ್ 85, ಬೆರಳು ಬಿಡಲಿಲ್ಲ. ಕೈ ಎಂಟು ತಿಂಗಳಿನಲ್ಲಿ ಬಲಿಯದ್ದು ಆರು ವಾರದಲ್ಲಿ ಬಲಿಯಿತೋ ಏನೋ.

ನೀಲಿ ಹಳದಿ · ಶನಿವಾರ

ಸ್ಪರ್ಧೆಯ ರಾಡುಗಳಲ್ಲಿ ಇದಕ್ಕೇ ಬಣ್ಣದ ಗುರುತು ಇರುತ್ತದೆ, 20ಕ್ಕೆ ನೀಲಿ, 15ಕ್ಕೆ ಹಳದಿ. ನನ್ನ ಹೆಸರು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹಳದಿ ಇನ್ಸುಲೇಷನ್ ಟೇಪ್ ತಂದು ಸ್ಲೀವಿನ ತುದಿಗೆ ಒಂದು ಸುತ್ತು ಸುತ್ತಿ.

ಐದೂವರೆ ಅಲಾರಂ · ಶನಿವಾರ

ಸುತ್ತಿಯಾಯಿತು. ನಮ್ಮವರು ತಮ್ಮ ರಾಡಿಗೂ ನೀಲಿ ಬೇಕೆಂದು ಅಂಗಡಿಗೆ ಹೋಗಿದ್ದಾರೆ.